ಏಳು ಸಾವಿರ ಸುತ್ತಿನ ಮೇಲಿನ ದನಿ

ಮಾರ್ಚ್ 3, ಮಂಗಳವಾರ

ಕಿವಿ ಡಾಕ್ಟರು ಗಾಜಿನ ಗೂಡಿನೊಳಗೆ ಕೂರಿಸಿ, ಕೈಗೊಂದು ಗುಂಡಿ ಕೊಟ್ಟು, ಶಬ್ದ ಕೇಳಿಸಿದಾಗಲೆಲ್ಲ ಒತ್ತಿ ಅಂದರು. ಒತ್ತುತ್ತಾ ಹೋದೆ. ಆಮೇಲೆ ತುಂಬ ಹೊತ್ತು ಒತ್ತುವಂಥದ್ದೇನೂ ಬರಲಿಲ್ಲ. ಪರೀಕ್ಷೆ ಮುಗಿಯಿತೇನೋ ಅಂದುಕೊಂಡು ತಲೆಯೆತ್ತಿದರೆ, ಗಾಜಿನಾಚೆ ಆಕೆ ಇನ್ನೂ ಏನೋ ತಿರುಗಿಸುತ್ತಿದ್ದಾರೆ, ನನ್ನ ಕೈಯನ್ನೇ ನೋಡುತ್ತಿದ್ದಾರೆ. ಆಗ ಗೊತ್ತಾಯಿತು.

ಒಂದು ಹಾಳೆ ಕೊಟ್ಟರು. ಅದರಲ್ಲಿ ಗೆರೆ ಎಡದಿಂದ ನೆಟ್ಟಗೆ ಬಂದು, ನಡುವಿನಿಂದಾಚೆಗೆ ಕೆಳಗೆ ಬಿದ್ದಿದೆ. "ದಪ್ಪ ಶಬ್ದ ಎಲ್ಲಾ ಕೇಳಿಸುತ್ತೆ ನಿಮಗೆ. ಸಣ್ಣವು, ಮೇಲಿನವು ಹೋಗಿವೆ. ಎಡಗಿವೀಲಿ ಜಾಸ್ತಿ. ಹೋಗಿದ್ದು ವಾಪಸ್ ಬರಲ್ಲ. ಮಷೀನ್ ಹಾಕಿಕೊಂಡರೆ ಮಾತುಕತೆಗೆ ಅನುಕೂಲ ಆಗುತ್ತೆ," ಅಂದರು. ಯೋಚನೆ ಮಾಡಿ ಹೇಳ್ತೀನಿ ಅಂದು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಬಂದೆ.

ಮೂವತ್ತೊಂದು ವರ್ಷದಿಂದ ನನ್ನ ಅನ್ನ ಈ ಕಿವಿಯಿಂದ ಬರುತ್ತಿದೆ. ಬೇರಿಂಗ್ ಕಾರ್ಖಾನೆಯ ಕೊನೆಯ ಕೋಣೆ ನನ್ನದು. ಗೋಡೆಗೆ ದಪ್ಪ ಸ್ಪಂಜು, ಒಂದರ ಹಿಂದೊಂದು ಎರಡು ಬಾಗಿಲು. ಒಂದೊಂದೇ ಬೇರಿಂಗನ್ನು ತಿರುಗುವ ಕಡ್ಡಿಗೆ ಸಿಕ್ಕಿಸಿ, ಕಿವಿಗೊಟ್ಟು, ಒಳ್ಳೆಯದನ್ನು ಹಸಿರು ತಟ್ಟೆಗೂ ಕೆಟ್ಟದ್ದನ್ನು ಕೆಂಪು ತಟ್ಟೆಗೂ ಹಾಕುವುದು. ಒಳಗಿನ ಗುಂಡಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಹೇಳಿಬಿಡುತ್ತಿದ್ದೆ. ಮೂರು ವರ್ಷದ ಹಿಂದೆ ಶಬ್ದ ಅಳೆದು ಮುಳ್ಳು ಆಡಿಸುವ ಯಂತ್ರವೊಂದನ್ನು ತಂದಿಟ್ಟಾಗ ಮ್ಯಾನೇಜರ ಎದುರಿಗೇ ನಕ್ಕಿದ್ದೆ. ಈಗ ಆ ಮುಳ್ಳು ನೋಡಿಕೊಂಡೇ ತಟ್ಟೆ ತುಂಬಿಸುತ್ತಿದ್ದೇನೆ. ಎಷ್ಟು ತಿಂಗಳಿಂದ ಎಂದು ನನಗೇ ಸರಿಯಾಗಿ ಗೊತ್ತಿಲ್ಲ.

ಕಾರ್ಖಾನೆಯಲ್ಲಿ ಮುಳ್ಳು ಮಾನ ಕಾಯುತ್ತದೆ. ಭಾನುವಾರ ಏನು ಮಾಡಲಿ? ಟೈರು ಅಂಗಡಿಯ ಮಹಡಿಯಲ್ಲಿ ನಮ್ಮ ಇಟಲಿ ಕಾರು ಪ್ರಿಯರ ಕೂಟ ಸೇರುತ್ತದೆ. ಹತ್ತೊಂಬತ್ತು ಸದಸ್ಯರು, ಮೂರು ಕಾರು, ಅದರಲ್ಲಿ ಓಡುವುದು ಒಂದೂವರೆ. ಉಳಿದವರದು ಬರೀ ಪ್ರೀತಿ. ಎಲ್ಲರೂ ಕಣ್ಣು ಮುಚ್ಚಿ ಕೂತು, ದೊಡ್ಡ ಸ್ಪೀಕರಿನಲ್ಲಿ ಯಾವುದಾದರೊಂದು ಎಂಜಿನ್ನಿನ ಶಬ್ದ ಹಾಕಿಸಿ ಕೇಳುವುದು ಇಪ್ಪತ್ತೆರಡು ವರ್ಷದ ಪದ್ಧತಿ. ಮುಗಿದ ಮೇಲೆ ನಾನು ಬಾಯಿ ಬಿಡುವ ತನಕ ಬೇರೆ ಯಾರೂ ಬಾಯಿ ಬಿಡುವಂತಿಲ್ಲ. ಎಷ್ಟು ಸಿಲಿಂಡರು, ಎಲ್ಲಿ ಸೊಗಸು, ಎಲ್ಲಿ ಮೋಸ ಎಲ್ಲವನ್ನೂ ನಾನೇ ಹೇಳಬೇಕು. ನನ್ನ ಹೆಸರು ಅಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. 'ಕಿವಿ' ಎಂದರೆ ನಾನು. ಈ ಭಾನುವಾರ ಇಟಲಿಯ ಹೊಸ ಸ್ಪೋರ್ಟ್ಸ್ ಸೆಡಾನ್ ಕಾರಿನ ಶಬ್ದ ಬರುತ್ತದೆಯಂತೆ. ಆರು ವರ್ಷದಿಂದ ಕಾದ ಕಾರು. 'ಕಿವಿ' ಎಂಬ ಹೆಸರು ಹೋದರೆ ನಾನು ಯಾರು?

ಮನೆಯಲ್ಲಿ ಇವಳಿಗೆ ಹೇಳಿಲ್ಲ. ಹೇಳಿದರೆ ಮಗಳಿಗೆ ಫೋನು ಹೋಗುತ್ತದೆ, ಮಗಳು ಅತ್ತು ರಂಪ ಮಾಡುತ್ತಾಳೆ. ಇವಳಿಗೂ ಈಚೆಗೆ ಬಾಯೊಳಗೇ ಮಾತಾಡುವ ಚಾಳಿ ಹತ್ತಿದೆ. ಏನು ಹೇಳುತ್ತಾಳೋ ದೇವರಿಗೇ ಪ್ರೀತಿ. ಹೇಳುವುದೂ ಅಷ್ಟರಲ್ಲೇ ಇದೆ, ತರಕಾರಿ, ನಲ್ಲಿ, ಪಕ್ಕದ ಮನೆ.

ಮಾರ್ಚ್ 5, ಗುರುವಾರ

ಕಾರಿನ ಚಿತ್ರಗಳು ಬಂದಿವೆ. ನಾಲ್ಕು ಬಾಗಿಲು. ಹಿಂದಿನ ಸೀಟಿನಲ್ಲಿ ಅತ್ತೆ ಮಾವನನ್ನು ಕೂರಿಸಿಕೊಂಡು ನೆಂಟರ ಮನೆಗೆ ಹೋಗಬಹುದು, ಅವರನ್ನು ಅಲ್ಲೇ ಇಳಿಸಿ ರೇಸಿಗೂ ಬಿಡಬಹುದು. ಆರು ಸಿಲಿಂಡರು, ಎರಡು ಟರ್ಬೊ, ನಿಮಿಷಕ್ಕೆ ಏಳು ಸಾವಿರ ಸುತ್ತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನು ತೆಗೆದರೆ ಕೂಟದ ಗುಂಪಿನಲ್ಲಿ ಇನ್ನೂರ ಹದಿನಾಲ್ಕು ಸಂದೇಶ.

ಕಾರ್ಯದರ್ಶಿ ದಂತವೈದ್ಯ. ಓಡುವ ಒಂದು ಕಾರು ಅವರದೇ. ಮುಂದಿನ ದೀಪ ನಿದ್ದೆಗೆಟ್ಟವನ ಕಣ್ಣಿನ ಹಾಗಿದೆ ಎಂದು ಬರೆದಿದ್ದಾರೆ. ಬಣ್ಣದ ಅಂಗಡಿಯವನಿಗೆ ಇದು ಇಟಲಿಯ ಕೆಂಪೇ ಅಲ್ಲ. ಇನ್ನೊಬ್ಬನಿಗೆ ಗೇರು ಕಡ್ಡಿ ಇಲ್ಲದ ಕಾರು ಉಪ್ಪಿಲ್ಲದ ಅಡುಗೆ. ತೂಕ ಜಾಸ್ತಿ, ಪರದೆ ಜಾಸ್ತಿ, ಮೂತಿ ದೊಡ್ಡದು. 'ಆತ್ಮ ಇಲ್ಲ' ಎಂದು ಎಣಿಸಿ ಹನ್ನೊಂದು ಜನ ಬರೆದಿದ್ದಾರೆ. ಇವರಲ್ಲಿ ಒಬ್ಬರೂ ಅದರ ಬಾಗಿಲ ಹಿಡಿಯನ್ನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ದರ್ಜಿ ಮಾತ್ರ ಸೀಟಿನ ಹೊಲಿಗೆ ನೀಟಾಗಿದೆ ಎಂದು ಬರೆದು ಸುಮ್ಮನಾಗಿದ್ದಾನೆ.

ಬಸ್ಸಮ್ಮ ಒಬ್ಬಳೇ ಬಾಯ್ತುಂಬ ಹೊಗಳಿದವಳು. ಎರಡು ತಿಂಗಳ ಹಿಂದೆ ಸೇರಿದಳು, ಸಿಟಿ ಬಸ್ಸು ಓಡಿಸುತ್ತಾಳೆ, ಮೂವತ್ತೈದರೊಳಗಿನ ಹೆಂಗಸು. 'ನಂಗಂತೂ ಇಷ್ಟ ಆಯ್ತು. ಹಿಂಭಾಗ ನೋಡಿ, ಓಡೋಕೆ ಮುಂಚೆ ಬಗ್ಗಿ ನಿಂತ ಹಾಗಿದೆ' ಎಂದು ಬರೆದಿದ್ದಳು. ಅದರ ಕೆಳಗೆ ಒಂಬತ್ತು ನಗುವ ಮುಖಗಳು. ಕಡೆಗೆ ಕಾರ್ಯದರ್ಶಿಗಳು 'ಜಗಳ ಸಾಕು. ಭಾನುವಾರ ಶಬ್ದ ಬರಲಿ, ಕಿವಿ ಏನಂತಾರೋ ನೋಡೋಣ' ಎಂದು ಮುಗಿಸಿದ್ದಾರೆ. ಡಬ್ಬಿ ಮುಚ್ಚಿಟ್ಟು ಕೋಣೆಗೆ ಹೋದೆ.

ಮಾರ್ಚ್ 8, ಭಾನುವಾರ

ಆಗಿಹೋಯಿತು. ಬರೆದಿಡುತ್ತೇನೆ.

ಕಿಟಕಿ ಮುಚ್ಚಿದರು, ಎಲ್ಲರೂ ಕಣ್ಣು ಮುಚ್ಚಿದರು, ಶಬ್ದ ಹಾಕಿದರು. ನಲವತ್ತು ಸೆಕೆಂಡು. ಎಂಜಿನ್ನು ಎದ್ದಿತು, ಗುರುಗುಟ್ಟಿತು. ಎದೆಯ ಗೂಡಿಗೆ ತಾಗುವಂಥ ದಪ್ಪ ದನಿ. ಆಕ್ಸಿಲರೇಟರ್ ಒತ್ತಿದರು, ಏರಿತು. ಮೂರು ಸಾವಿರ, ನಾಲ್ಕು ಸಾವಿರ, ಐದು. ಅಲ್ಲಿಂದಾಚೆಗೆ ಯಾರೋ ಬಾಗಿಲು ಹಾಕಿಕೊಂಡು ಹೋದ ಹಾಗೆ. ನೆಲದಲ್ಲಿ ನಡುಕವಿದೆ, ಮೇಲೆ ಏನೂ ಇಲ್ಲ. ಹಾಳೆಯ ಮೇಲಿನ ಗೆರೆ ಕಣ್ಣ ಮುಂದೆ ಬಂತು.

ಮುಗಿದ ಮೇಲೆ ನಾನು ಕಣ್ಣು ತೆರೆಯಲಿಲ್ಲ. ಇನ್ನೊಂದು ಗಳಿಗೆ ಸಿಕ್ಕಿದರೆ ಏನಾದರೂ ಹೊಂದಿಸಬಹುದಿತ್ತು. ಅಷ್ಟರಲ್ಲಿ ಬಸ್ಸಮ್ಮ ಮಾತಾಡಿಬಿಟ್ಟಳು. ಪದ್ಧತಿ ಅವಳಿಗೆ ಗೊತ್ತಿಲ್ಲ, ಯಾರೂ ಹೇಳಿಕೊಟ್ಟಿಲ್ಲ. ನನ್ನ ಬಲಕ್ಕೇ ಕೂತಿದ್ದಳು. "ಕೊನೇಲಿ ದಾರದ ಹಾಗೆ ಒಂದು ದನಿ ಬಂತಲ್ಲ ಸರ್, ಎಲ್ಲದಕ್ಕಿಂತ ಮೇಲೆ. ಎಷ್ಟು ಚೆನ್ನಾಗಿತ್ತು," ಅಂದಳು.

ಹದಿನೆಂಟು ಜನ ನನ್ನ ಮುಖ ನೋಡಿದರು. ಅವಳು ಹೇಳಿದ್ದು ನಿಜ ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ಅಂಥ ಎಂಜಿನ್ನಿಗೆ ಅಂಥ ದನಿ ಇರಲೇಬೇಕು. ಆದರೆ ಹೌದು ಅಂದರೆ, ಹೇಗಿತ್ತು ಹೇಳಿ ಅನ್ನುತ್ತಾರೆ. ನಾನು ಏನು ಹೇಳಲಿ? ಸುಳ್ಳು ಹೇಳಿದರೂ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಬೇಕು ಅನ್ನುತ್ತಾರಲ್ಲ, ಹಾಗೇ ಹೇಳಿದೆ. "ಮೇಲೆ ಏನೂ ಇಲ್ಲ. ಮುಳ್ಳು ಏಳು ಸಾವಿರಕ್ಕೆ ಹೋಗುತ್ತೆ, ದನಿ ಐದಕ್ಕೇ ಕೂತುಬಿಡುತ್ತೆ. ಟರ್ಬೊ ನುಂಗಿಹಾಕಿದೆ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವಳ ಕಡೆ ತಿರುಗಿದೆ. "ನೀವು ಕೇಳಿಸಿಕೊಂಡಿದ್ದು ಅಲ್ಲಿ ಇರಲೇ ಇಲ್ಲಮ್ಮ. ಹೊಸಬರಿಗೆ ಹಾಗಾಗುತ್ತೆ. ಆಸೆ ಜಾಸ್ತಿಯಾದರೆ ಇಲ್ಲದ್ದೂ ಕೇಳಿಸುತ್ತೆ. ಮೊದಲು ನಿಮ್ಮ ಕಿವಿ ನಂಬೋದು ಬಿಡಿ, ಆಮೇಲೆ ಕೇಳೋದು ಬರುತ್ತೆ."

ಎಲ್ಲರೂ ನಕ್ಕರು. ಅವಳು "ಇರಬಹುದು ಸರ್" ಅಂದಳು. ಕಾಫಿ ಕುಡಿಯುವಾಗ ಕಾರ್ಯದರ್ಶಿಗಳು ಅವಳನ್ನು ಕೆಣಕುತ್ತಿದ್ದರು. ಡಿಪೊದಲ್ಲಿ ಬಸ್ಸಿನ ಕುಂದುಕೊರತೆ ಬರೆಯುವ ಪುಸ್ತಕವೊಂದಿದೆಯಂತೆ, ಇವಳು ದಿನಾ ಒಂದೊಂದು ಶಬ್ದ ಬರೆದಿಟ್ಟು ಹೋಗುತ್ತಾಳಂತೆ, ಮೆಕ್ಯಾನಿಕ್ಕುಗಳು ಬೈಯುತ್ತಲೇ ಬಿಚ್ಚಿ ನೋಡುತ್ತಾರಂತೆ. "ಹತ್ತು ಸಲ ಬರೆದ್ರೆ ಒಂಬತ್ತು ಸಲ ಏನಾದ್ರೂ ಸಿಕ್ಕೇ ಸಿಗುತ್ತೆ," ಅಂದಳು. ನಾನು ಕಪ್ಪು ಕೆಳಗಿಟ್ಟು ಬೇಗ ಹೊರಟೆ.

ಮಾರ್ಚ್ 10, ಮಂಗಳವಾರ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಶನಿವಾರದ ತನಕ ಶಬ್ದದ ಬಗ್ಗೆ ಬಾಯಿ ಬಿಡದೆ ಕೂತಿದ್ದವರೆಲ್ಲ ಈಗ 'ಮೇಲೆ ಖಾಲಿ' ಎಂದು ಬರೆಯುತ್ತಿದ್ದಾರೆ. ಐದು ಸಾವಿರಕ್ಕೇ ದನಿ ಸಾಯುವುದು ತನಗೂ ಸ್ಪಷ್ಟವಾಗಿ ಕೇಳಿಸಿತು ಅನ್ನುತ್ತಾನೆ ಬಣ್ಣದ ಅಂಗಡಿಯವನು. ಯಾರೋ ಇದನ್ನು ಹೊರಗಿನ ಗುಂಪುಗಳಿಗೂ ಕಳಿಸಿದ್ದಾನೆ. ಅಲ್ಲೂ ಮುನ್ನೂರು ಜನ ಹೂಂಗುಟ್ಟಿದ್ದಾರೆ. ನಾನು ಕಂಡು ಕೇಳರಿಯದವರೆಲ್ಲ 'ತಲೆಯಿಲ್ಲದ ಎಂಜಿನ್' ಎಂದು ಬರೆದಿದ್ದಾರೆ.

ಓದುತ್ತಾ ಓದುತ್ತಾ ನನಗೊಂದು ಆಸೆ ಹುಟ್ಟಿತು. ಇಷ್ಟು ಜನಕ್ಕೂ ಕೇಳಿಸಿಲ್ಲ ಎಂದರೆ ಕೊರತೆ ಕಾರಿನಲ್ಲೇ ಇರಬಹುದಲ್ಲ? ಡಾಕ್ಟರ ಯಂತ್ರವೂ ಯಂತ್ರವೇ ತಾನೆ. ಇವತ್ತು ಕೋಣೆಯಲ್ಲಿ ಮುಳ್ಳಿಗೆ ಬಟ್ಟೆ ಮುಚ್ಚಿ ಇಪ್ಪತ್ತು ಬೇರಿಂಗ್ ಬರೀ ಕಿವಿಯಿಂದ ಪರೀಕ್ಷೆ ಮಾಡಿದೆ. ಎಲ್ಲವೂ ಚೆನ್ನಾಗಿದ್ದವು. ಬಟ್ಟೆ ತೆಗೆದು ಸರಿ ನೋಡಲಿಲ್ಲ. ಹಾಗೇ ಹಸಿರು ತಟ್ಟೆಗೆ ಹಾಕಿದೆ.

ಬಸ್ಸಮ್ಮ ಗುಂಪಿನಲ್ಲಿ ಬರೆದಿದ್ದಾಳೆ. 'ನಾನೂ ನಾಲ್ಕು ಸಲ ಮತ್ತೆ ಕೇಳಿದೆ. ಸರ್ ಹೇಳಿದ್ದೇ ಸರಿ ಅನ್ಸುತ್ತೆ. ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸಿ.' ಕಾರ್ಯದರ್ಶಿಗಳು ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದ್ದಾರೆ. ನಾಲ್ಕು ಸಲ ಕೇಳಿದವಳಿಗೇ ಇಲ್ಲ ಅಂದರೆ ಇಲ್ಲವೇ ಇರಬೇಕು. ಇವತ್ತು ನಿದ್ದೆ ಬರಬಹುದು.

ಮಾರ್ಚ್ 13, ಶುಕ್ರವಾರ

ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಫೋನಿನಲ್ಲಿ ಆ ಕಾರಿನ ಶಬ್ದವನ್ನೇ ಮತ್ತೆ ಹಾಕಿಕೊಂಡು ಕೇಳುತ್ತಿದ್ದೆ. ಇವಳು ಸೊಪ್ಪು ಸೋಸುತ್ತಿದ್ದಳು. ಕಾರೆಂದರೆ ಇವಳಿಗೆ ನಾಲ್ಕು ಚಕ್ರ, ಅಷ್ಟೇ. ಕೂಟ ಶುರುವಾದ ಹೊಸದರಲ್ಲಿ ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ ಕಣ್ಣು ಮುಚ್ಚಿ ನಿದ್ದೆ ಮಾಡಿಬಿಟ್ಟಿದ್ದಳು.

ನನ್ನ ಎದುರಿಗೆ ಬಂದು ನಿಂತು, ಮುಖ ನೋಡಿಕೊಂಡು, "ಸ್ವಲ್ಪ ಸಣ್ಣಗೆ ಹಾಕ್ಕೊಳ್ರೀ," ಅಂದಳು. "ಕೊನೇಲಿ ಕಿರ್ ಅಂತ ಕೂಗುತ್ತಲ್ಲ, ತಲೆ ಚಿಟ್ಟು ಹಿಡಿಯುತ್ತೆ."

"ಎಲ್ಲಿ ಕೂಗುತ್ತೆ?"

"ಕೊನೇಲಿ. ನಿಲ್ಲಿಸೋಕೆ ಮುಂಚೆ. ಮಗು ಹಟ ಮಾಡಿದ ಹಾಗೆ, ಸಣ್ಣಗೆ, ಉದ್ದಕ್ಕೆ."

ಮತ್ತೆ ಹಾಕಿದೆ. ಇವಳು ಸೊಪ್ಪಿನ ಕೈಯನ್ನು ಮೇಲೆತ್ತಿ, "ಈಗ ಬಂತು. ಈಗ. ಇನ್ನೂ ಇದೆ. ಹೋಯ್ತು," ಅಂದಳು. ನನಗೆ ಇವಳ ಕೈ ಕಾಣಿಸಿತು, ಬೆರಳಿನಿಂದ ನೀರು ತೊಟ್ಟಿಕ್ಕುವುದು ಕಾಣಿಸಿತು. ಬೇರೇನೂ ಇಲ್ಲ.

ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಐವತ್ತೆಂಟು ವರ್ಷದ ಗಂಡಸು.

ಮಾರ್ಚ್ 14, ಶನಿವಾರ

ಮಂಗಳವಾರದ ಇಪ್ಪತ್ತು ಬೇರಿಂಗ್‌ಗಳು ನೆನಪಾಗಿ ಗೋದಾಮಿಗೆ ಓಡಿದೆ. ಲಾರಿ ಹೋಗಿಯಾಗಿತ್ತು.

ಮಾರ್ಚ್ 22, ಭಾನುವಾರ

ಹೋದ ವಾರ ನೆಗಡಿ ಅಂತ ಸುಳ್ಳು ಹೇಳಿ ಕೂಟ ತಪ್ಪಿಸಿಕೊಂಡೆ. ಇವತ್ತು ಹೋಗಲೇಬೇಕಾಯಿತು. ಅದೇ ಕಾರು ರಸ್ತೆಯಲ್ಲಿ ಓಡುವ ಇನ್ನೊಂದು ಶಬ್ದ ಬಂದಿತ್ತು. ಕೇಳಿಸಿದ್ದಷ್ಟಕ್ಕೆ ನಾಲ್ಕು ಮಾತು ಸೇರಿಸಿ ಹೇಳಿದೆ, ಎಲ್ಲರೂ ತಲೆಯಾಡಿಸಿದರು. ಕಾರ್ಯದರ್ಶಿಗಳಿಗೆ ಚೇಷ್ಟೆ. "ಬಸ್ಸಮ್ಮ, ಇವತ್ತು ದಾರ ಬಂತಾ?" ಎಂದು ಕೇಳಿದರು.

ಅವಳು ನೆಲ ನೋಡಿಕೊಂಡು, "ಇಲ್ಲ ಸರ್, ನಂಗೇನೂ ಕೇಳಿಸಲಿಲ್ಲ," ಅಂದಳು.

ಕೇಳಿಸಿತ್ತು. ಶಬ್ದದ ಕೊನೆಯಲ್ಲಿ ನಾನು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದೆ. ಹುಬ್ಬು ಮೇಲೆದ್ದಿತ್ತು, ಆಮೇಲೆ ತಪ್ಪು ಮಾಡಿದವಳ ಹಾಗೆ ತಲೆ ಕೊಡವಿಕೊಂಡಳು. ಆಗಲೇ ಹೇಳಿಬಿಡಬೇಕು ಅನ್ನಿಸಿತು. ನಾಲಿಗೆ ತುದಿಗೆ ಬಂತು. ಹೊರಡುವಾಗ ಮೆಟ್ಟಿಲ ಹತ್ತಿರ ಅವಳೇ ಬಂದು, "ನೀವು ಹೇಳಿದ ಮೇಲೆ ಹುಷಾರಾಗಿದೀನಿ ಸರ್. ಡಿಪೊ ಪುಸ್ತಕದಲ್ಲೂ ಸುಮ್ಮಸುಮ್ಮನೆ ಬರೆಯೋದು ಬಿಟ್ಟೆ," ಅಂದಳು. ಒಳ್ಳೆಯದಾಯಿತು ಅನ್ನುವಂತೆ ತಲೆಯಾಡಿಸಿದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಮಾರ್ಚ್ 26, ಗುರುವಾರ

ಬಸ್ಸು ಅಪಘಾತವಾಗಿದೆ. ಅವಳ ಬಸ್ಸು.

ಪೇಪರಿನಲ್ಲಿ ಮೂರನೇ ಪುಟದಲ್ಲಿದೆ. ಇಳಿಜಾರಿನಲ್ಲಿ ಎಡಗಡೆಯ ಹಿಂದಿನ ಚಕ್ರ ಕಳಚಿಕೊಂಡು, ಬಸ್ಸು ಪಾದಚಾರಿ ದಾರಿ ಹತ್ತಿ, ಬಾಗಿಲು ಹಾಕಿದ್ದ ಅಂಗಡಿಗೆ ನುಗ್ಗಿದೆ. ಆರು ಜನಕ್ಕೆ ಪೆಟ್ಟು, ಒಬ್ಬ ಮುದುಕನ ಸೊಂಟ ಮುರಿದಿದೆ. ಚಕ್ರದ ಬೇರಿಂಗ್ ಪುಡಿಯಾಗಿತ್ತು ಎಂದು ಬರೆದಿದ್ದಾರೆ. ಚಾಲಕಿ ಅಮಾನತು.

ಇವಳು ಓದಿ ಹೇಳುತ್ತಿದ್ದಳು, ಬಲಗಡೆ ಕೂತು. ಬೇರಿಂಗ್ ಎಂಬ ಮಾತು ಬಂದಾಗ ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಪುಡಿಯಾಗುವ ಮುಂಚೆ ಬೇರಿಂಗ್ ದಿನಗಟ್ಟಲೆ ಕೂಗುತ್ತದೆ. ಮೊದಲು ಸಣ್ಣಗೆ, ಮೇಲಿನ ದನಿಯಲ್ಲಿ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೂಟದ ಗುಂಪಿನಲ್ಲಿ ಅರ್ಧ ಗಂಟೆ ಅಯ್ಯೋ ಪಾಪ ನಡೆಯಿತು. ಆಮೇಲೆ ಯಾರೋ ಹೊಸ ಕಾರಿಗೆ ಹತ್ತೊಂಬತ್ತು ಇಂಚಿನ ಚಕ್ರ ಚೆಂದವೋ ಇಪ್ಪತ್ತು ಇಂಚಿನದೋ ಎಂದು ಕೇಳಿದರು. ಸಂಜೆ ತನಕ ಅದೇ ಚರ್ಚೆ.

ಮಾರ್ಚ್ 28, ಶನಿವಾರ

ಅವಳ ಮನೆ ಹುಡುಕಿಕೊಂಡು ಹೋಗಿದ್ದೆ. ಎರಡು ಕೋಣೆಯ ಮನೆ, ಗೋಡೆಗೆ ಕಾರುಗಳ ಕ್ಯಾಲೆಂಡರು, ಕಿಟಕಿಯಲ್ಲಿ ಒಣಗಲು ಹಾಕಿದ ಯೂನಿಫಾರ್ಮು. ಅವಳ ಹಣೆಗೆ ಪಟ್ಟಿ ಕಟ್ಟಿತ್ತು. ಅವಳ ತಾಯಿ ಚಹಾ ತಂದಿಟ್ಟು ಒಳಗೆ ಹೋದರು. ಅವಳು ಮೆಲ್ಲಗೆ ಮಾತಾಡುತ್ತಾಳೆ, ಅರ್ಧ ತುಟಿ ನೋಡಿ ತಿಳಿದುಕೊಂಡೆ.

"ಸೋಮವಾರದಿಂದಲೇ ಕೇಳಿಸ್ತಿತ್ತು ಸರ್. ಎಡಗಡೆ ಹಿಂದೆ, ಸಣ್ಣಗೆ. ಬ್ರೇಕ್ ಹಿಡಿದಾಗ ನಿಲ್ಲೋದು, ಬಿಟ್ಟಾಗ ಮತ್ತೆ ಬರೋದು. ಮಂಗಳವಾರ ಪುಸ್ತಕ ತೆಗೆದು ಪೆನ್ನು ಹಿಡಿದೆ. ಆಮೇಲೆ ನಿಮ್ಮ ಮಾತು ನೆನಪಾಯ್ತು. ಇಲ್ಲದ್ದನ್ನ ಕೇಳಿಸಿಕೊಳ್ತಿದೀನೇನೋ ಅಂತ ಪುಸ್ತಕ ಮುಚ್ಚಿಟ್ಟೆ."

ಮಾರನೇ ದಿನ ಚಕ್ರ ಹೋಯಿತು.

ಒಂಬತ್ತನೇ ತಾರೀಕು ವಿಚಾರಣೆ. ಡ್ರೈವರುಗಳ ಸಂಘದವರು ಅವಳಿಂದ ಹೇಳಿಕೆ ಬರೆಸಿಕೊಂಡಿದ್ದಾರೆ, ಯಾವ ಶಬ್ದವೂ ಕೇಳಿಸಲಿಲ್ಲ ಎಂದು. ಅದು ನಿಂತರೆ ತಪ್ಪು ವರ್ಕ್‌ಶಾಪಿನದಾಗುತ್ತದೆ, ಅವಳು ಮತ್ತೆ ಬಸ್ಸು ಹತ್ತಬಹುದು. ಕೇಳಿಸಿಯೂ ಬರೆಯಲಿಲ್ಲ ಅಂದರೆ ಕೆಲಸ ಹೋಯಿತು ಅಂತಲೇ. "ಒಂದು ರೀತೀಲಿ ಅದು ಸುಳ್ಳೂ ಅಲ್ಲ ಸರ್," ಅಂದಳು. "ಏನು ಕೇಳಿಸುತ್ತೆ, ಏನು ಇಲ್ಲ ಅಂತ ನಂಗೇ ಗೊತ್ತಾಗ್ತಿಲ್ಲ ಈಗ. ಅಮ್ಮ ಕರೆದ್ರೂ ನಿಜವಾಗ್ಲೂ ಕರೆದ್ರಾ ಅಂತ ಹೋಗಿ ನೋಡ್ತೀನಿ."

ಜೇಬಿನಲ್ಲಿ ಡಾಕ್ಟರ ಹಾಳೆ ಇತ್ತು. ಅದನ್ನು ತೋರಿಸಲೆಂದೇ ಹೋಗಿದ್ದೆ.

ಮಾರ್ಚ್ 29, ಭಾನುವಾರ

ತೋರಿಸಲಿಲ್ಲ.

ಕೂಟಕ್ಕೆ ಹೋಗಲಿಲ್ಲ. ಆ ಬೇರಿಂಗ್ ಯಾವ ಕಾರ್ಖಾನೆಯದು ಎಂದು ವಿಚಾರಿಸುವ ಧೈರ್ಯವೂ ಇಲ್ಲ.

ಏಪ್ರಿಲ್ 2, ಗುರುವಾರ

ನಾಲ್ಕು ದಿನದಿಂದ ಅನ್ನ ಸೇರುತ್ತಿಲ್ಲ. ಇವಳು ತಟ್ಟೆ ಎತ್ತಿಟ್ಟು, ಕುರ್ಚಿ ಎಳೆದುಕೊಂಡು ನನ್ನ ಬಲಕ್ಕೆ ಕೂತು, "ಏನಾಗಿದೆ ಹೇಳಿ," ಅಂದಳು. ಎಲ್ಲ ಹೇಳಿದೆ. ಹಾಳೆ ತೆಗೆದು ಮುಂದಿಟ್ಟೆ. ಇವಳು ಅದನ್ನು ನೋಡಲೇ ಇಲ್ಲ.

"ಕಿವಿದು ಹೊಸ ವಿಷಯ ಅಂತ ಹೇಳ್ತಿದೀರಾ? ಒಂದೂವರೆ ವರ್ಷ ಆಯ್ತು. ಕುಕ್ಕರ್ ಕೂಗಿದ್ದು ಕೇಳಿಸಲ್ಲ, ಮಗಳ ಫೋನ್ ನನ್ನ ಕೈಗೆ ಕೊಡ್ತೀರಿ, ಎಡಗಡೆಯಿಂದ ಮಾತಾಡಿಸಿದ್ರೆ ಗೋಡೆ ನೋಡ್ತೀರಿ. ನೀವಾಗಿ ಹೇಳ್ತೀರಿ ಅಂತ ಕಾಯ್ತಿದ್ದೆ."

"ಮತ್ತೆ ನೀನ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೇಳ್ತಿದ್ರಾ? ಕಿವಿ ಅಂತ ಹೆಸರಿಟ್ಟುಕೊಂಡು ಕೂತಿದ್ರಿ."

ಹಾಳೆಯನ್ನು ಮತ್ತೆ ಮಡಿಸತೊಡಗಿದೆ. ಇವಳು ಹೇಳಿದಳು. "ನಿಮ್ಮ ಕಿವಿ ಹೋಗಿದ್ದು ನಿಮ್ಮ ತಪ್ಪಲ್ಲ ಕಣ್ರೀ. ಆ ಹುಡುಗಿ ಕಿವಿ ಕಿತ್ಕೊಂಡಿದ್ದು ತಪ್ಪು. ಅದನ್ನ ವಾಪಸ್ ಕೊಟ್ಟು ಬನ್ನಿ."

ಅಡುಗೆಮನೆಗೆ ಹೋದ ಮೇಲೂ ಇವಳು ಏನೋ ಮಾತಾಡುತ್ತಿದ್ದಳು. ಎದ್ದು ಹೋಗಿ ಬಾಗಿಲಲ್ಲಿ ನಿಂತುಕೊಂಡೆ. ಪಕ್ಕದ ಮನೆಯವರ ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತದಂತೆ, ಮೊದಲು ಮೂರು ಹನಿ ಬೇಗ ಬೇಗ, ಆಮೇಲೆ ಒಂದು ನಿಧಾನಕ್ಕೆ. ಹೌದಾ ಅಂದೆ. ಇನ್ನೇನೇನು ಕೇಳಿಸುತ್ತದೆ ಎಂದು ಕೇಳಿದೆ. ಫ್ರಿಜ್ಜು ನಿಲ್ಲುವ ಮುಂಚೆ ನಿಟ್ಟುಸಿರು ಬಿಡುತ್ತದೆ, ಮೇಲಿನ ಮನೆಯ ಮಗು ಗೋಲಿ ಉರುಳಿಸುತ್ತದೆ, ಗ್ಯಾಸು ಹತ್ತುವ ಮುಂಚೆ ಒಂದು ಸಲ ಉಫ್ ಅನ್ನುತ್ತದೆ ಎಂದಳು. ಎಲ್ಲ ಕೇಳಿಕೊಂಡು ಬಂದು ಇಲ್ಲಿ ಬರೆದಿದ್ದೇನೆ. ಯಾಕೆ ಬರೆದೆನೋ ಗೊತ್ತಿಲ್ಲ, ಕಾರಿಗೆ ಸಂಬಂಧವೇ ಇಲ್ಲ.

ಏಪ್ರಿಲ್ 5, ಭಾನುವಾರ

ಬಸ್ಸಮ್ಮನಿಗೆ ಮೂರು ಸಲ ಸಂದೇಶ ಬರೆದು ಅಳಿಸಿದೆ. ಫೋನಿನಲ್ಲಿ ಹೇಳೋಣವೆಂದರೆ ಅವಳು ಏನಂದಳೆಂದು ನನಗೆ ಗೊತ್ತಾಗುವುದಿಲ್ಲ. ಮೊದಲು ಕೂಟದಲ್ಲಿ ಹೇಳೋಣ, ಹೇಗೂ ಅವಳಿಗೆ ಮುಟ್ಟುತ್ತದೆ ಅಂದುಕೊಂಡು ಹೋದೆ. ಅವಳು ಬಂದಿರಲಿಲ್ಲ.

ಎದ್ದು ನಿಂತು ಹಾಳೆ ತೋರಿಸಿ ಹೇಳಿದೆ. ನನಗೆ ಮೇಲಿನ ದನಿ ಕೇಳಿಸುವುದಿಲ್ಲ, ಹೊಸ ಕಾರಿನ ಬಗ್ಗೆ ನಾನು ಹೇಳಿದ್ದು ಸುಳ್ಳು, ಅವಳು ಹೇಳಿದ್ದೇ ನಿಜ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ.

ಕಾರ್ಯದರ್ಶಿಗಳು ಎದ್ದು ಬಂದು ನನ್ನ ಕೈ ಹಿಡಿದುಕೊಂಡು, "ಗುರುಗಳೇ, ನಿಮ್ಮ ಅರ್ಧ ಕಿವಿ ನಮ್ಮೆಲ್ಲರ ಪೂರ್ತಿ ಕಿವಿಗಿಂತ ಮೇಲು," ಅಂದರು. ಚಪ್ಪಾಳೆ ಬಿತ್ತು. ಮತ್ತೆ ಅದೇ ಶಬ್ದ ಹಾಕಿಸಿದರು. ಈ ಸಲ ಬಣ್ಣದ ಅಂಗಡಿಯವನಿಗೆ ಮೇಲಿನ ದನಿ ಕೇಳಿಸಿತು. ಅವನ ಪಕ್ಕದವನಿಗೂ ಕೇಳಿಸಿತು. ಸಂಜೆಯೊಳಗೆ ಗುಂಪಿನಲ್ಲಿ ಹನ್ನೆರಡು ಜನ, ತಮಗೆ ಮೊದಲ ದಿನವೇ ಕೇಳಿಸಿತ್ತು, ಹಿರಿಯರ ಮಾತಿಗೆ ಎದುರಾಡಬಾರದೆಂದು ಸುಮ್ಮನಿದ್ದೆವು ಎಂದು ಬರೆದಿದ್ದಾರೆ. ಕಾರಿಗೆ ಆತ್ಮ ಬಂದಿದೆ. ಮುಂದಿನ ದೀಪವೂ ನೋಡ್ತಾ ನೋಡ್ತಾ ಚೆನ್ನಾಗಿ ಕಾಣುತ್ತದಂತೆ.

ದರ್ಜಿ ಒಬ್ಬನೇ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿ ಹೇಳಿದ. "ನಂಗೆ ಮೊದಲಿಂದಲೂ ಏನೂ ಗೊತ್ತಾಗಲ್ಲ ಸರ್. ಭಾನುವಾರ ಮನೇಲಿ ಕೂರೋಕೆ ಬೇಜಾರು, ಅದಕ್ಕೆ ಬರ್ತೀನಿ."

ಇಪ್ಪತ್ತೆರಡು ವರ್ಷ ನಾವೆಲ್ಲ ಒಟ್ಟಿಗೆ ಕೂತು ಕೇಳುತ್ತಿದ್ದೇವೆ ಅಂದುಕೊಂಡಿದ್ದೆ. ಅವರು ಕೇಳುತ್ತಿದ್ದದ್ದು ನನ್ನ ಮಾತನ್ನಷ್ಟೇ. ನಿಜವಾಗಿ ಕೇಳಿಸಿಕೊಂಡವಳು ಒಬ್ಬಳು ಬಂದಳು, ಅವಳನ್ನು ನಾನು ಹಾಳು ಮಾಡಿದೆ. ಅವಳಿಗೆ ಯಾರೂ ಒಂದು ಸಾಲು ಬರೆದಿಲ್ಲ. ಅಪಘಾತದ ಮಾರನೇ ದಿನವೇ ಅವಳು ಗುಂಪಿನಿಂದ ಹೊರಗೆ ಹೋಗಿದ್ದಳು ಎಂದು ಇವತ್ತು ನೋಡಿದೆ.

ಏಪ್ರಿಲ್ 9, ಗುರುವಾರ

ಇವಳೂ ಜೊತೆಗೆ ಬಂದಳು. ಸಾರಿಗೆ ಕಚೇರಿಯ ಎರಡನೇ ಮಹಡಿ, ಉದ್ದನೆಯ ಮೊಗಸಾಲೆ, ಗೋಡೆಗೊರಗಿಸಿದ ಮರದ ಬೆಂಚು. ವಿಚಾರಣೆಯ ಕೋಣೆಗೆ ಬಾಗಿಲ ಬದಲು ಪರದೆ. ಬಸ್ಸಮ್ಮ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ನಿಂತಿದ್ದಳು. ಸಂಘದವನೊಬ್ಬ ಪಕ್ಕದಲ್ಲಿ ಏನೋ ಬಾಯಿಪಾಠ ಮಾಡಿಸುತ್ತಿದ್ದ.

ಕರೆಯಲು ಐದು ನಿಮಿಷ ಇದ್ದಾಗ ಎದ್ದು ಹೋಗಿ ಹಾಳೆ ಕೊಟ್ಟೆ. ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತೊಂದೂ ಬರಲಿಲ್ಲ. "ಇದು ನಂದು. ಆ ಭಾನುವಾರಕ್ಕೆ ಮುಂಚಿನ ಮಂಗಳವಾರದ್ದು. ತಾರೀಕು ನೋಡಿ," ಅಂದೆ. ಅವಳು ಗೆರೆ ನೋಡಿದಳು, ತಾರೀಕು ನೋಡಿದಳು. "ದಾರದ ಹಾಗೆ ಒಂದು ದನಿ ಬಂತು ಅಂದ್ರಲ್ಲಮ್ಮ, ಅದು ಇತ್ತು. ನಂಗೆ ಕೇಳಿಸಲಿಲ್ಲ, ಅಷ್ಟೇ. ಕೇಳಿಸಲಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು."

ಅವಳ ಮುಖದಲ್ಲಿ ಏನಾಯಿತೋ ಬರೆಯಲು ಬರುವುದಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ನನಗೇ ವಾಪಸ್ ಕೊಟ್ಟಳು. ಅಷ್ಟರಲ್ಲಿ ಜವಾನ ಹೊರಗೆ ಬಂದು ಕರೆದ. ಪರದೆ ಸರಿಸಿ ಒಳಗೆ ಹೋದಳು.

ನಾನು ಬೆಂಚಿನ ಮೇಲೆ ಕೂತೆ. ಒಳಗಿನಿಂದ ಗುಜುಗುಜು ಬಿಟ್ಟು ನನಗೇನೂ ಬರುತ್ತಿರಲಿಲ್ಲ. ಇವಳು ನನ್ನ ಬಲಗಿವಿಗೆ ಬಾಯಿಟ್ಟು ಒಂದೊಂದೇ ಹೇಳುತ್ತಾ ಹೋದಳು.

"ಹೆಸರು ಕೇಳ್ತಿದಾರೆ. ಎಷ್ಟು ವರ್ಷದ ಸರ್ವೀಸು ಅಂತ ಕೇಳ್ತಿದಾರೆ. ಹನ್ನೊಂದು ಅಂದ್ಲು. ಹೇಳಿಕೆ ಓದ್ತಿದಾರೆ. ಯಾವ ಶಬ್ದವೂ ಕೇಳಿಸಲಿಲ್ಲ ಅಂತ ಬರೆದಿದೀರಿ, ಸರಿ ತಾನೇ ಅಂತಿದಾರೆ."

ಆಮೇಲೆ ಇವಳು ಪರದೆಯ ಕಡೆಗೆ ಕಿವಿ ತಿರುಗಿಸಿದಳು.

"ಏನಂದ್ಲು?"

"ಇನ್ನೂ ಏನೂ ಅಂದಿಲ್ಲ."

ಹೌದು ಅಂದುಬಿಡಲಿ ಎಂದು ಬೇಡಿಕೊಂಡೆ. ಹೌದು ಅನ್ನಲಿ, ಸಹಿ ಹಾಕಲಿ, ನಾಳೆ ಬಸ್ಸು ಹತ್ತಲಿ. ಹಾಳೆಯನ್ನು ವಿಚಾರಣೆ ಮುಗಿದ ಮೇಲೆ ಕೊಡಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ಆಗ. ಅವಳ ಮನೆಗೆ ಹೋಗಿ ಬಂದ ಮೇಲೂ ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದವನು ಇನ್ನರ್ಧ ಗಂಟೆ ಮುಚ್ಚಿಕೊಂಡಿರಬಾರದಿತ್ತೇ?

ಇವಳು ನನ್ನ ತೋಳು ಹಿಡಿದುಕೊಂಡಳು. "ಆ ಹೇಳಿಕೆ ತಪ್ಪು ಸರ್ ಅಂದ್ಲು. ನಂಗೆ ಕೇಳಿಸಿತ್ತು ಅಂದ್ಲು. ಎಡಗಡೆ ಹಿಂದಿನ ಚಕ್ರ, ಎರಡು ದಿನದಿಂದ ಕೇಳಿಸ್ತಿತ್ತು, ಬರೀಬೇಕಿತ್ತು, ಬರೀಲಿಲ್ಲ. ನನ್ನ ಕಿವಿ ಸರಿಯಾಗೇ ಇದೆ, ಅಂದ್ಲು."

ಸಂಘದವನು ಪರದೆ ಸರಿಸಿಕೊಂಡು ಹೊರಗೆ ಬಂದು, ಹಣೆ ಚಚ್ಚಿಕೊಂಡು, ಮತ್ತೆ ಒಳಗೆ ಹೋದ. ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಇನ್ನು ಮೇಲೆ ಬಸ್ಸು ಓಡಿಸುವಂತಿಲ್ಲವಂತೆ. ಲಿಖಿತ ಆದೇಶ ಆಮೇಲೆ ಬರುತ್ತದಂತೆ.

ಅವಳು ಹೊರಗೆ ಬಂದಳು. ಅತ್ತಿರಲಿಲ್ಲ. ಎದ್ದು ನಿಂತೆ. ನನ್ನ ಹತ್ತಿರ ಬಂದು, ಮುಖ ನೋಡಿಕೊಂಡು ಮಾತಾಡಿದಳು. ಮೊಗಸಾಲೆಯಲ್ಲಿ ಆಗ ತಾನೇ ಜನ ತುಂಬಿತ್ತು, ಎಲ್ಲರ ಮಾತೂ ಒಟ್ಟಾಗಿ ದಪ್ಪಗೆ ನನ್ನ ಕಿವಿಗೆ ಬಂದು ಬಡಿಯುತ್ತಿತ್ತು. ಅವಳ ತುಟಿ ಆಡುವುದು ಕಾಣಿಸಿತು. ನಾಲ್ಕು ವಾಕ್ಯ ಇರಬಹುದು, ಐದೂ ಇರಬಹುದು. ನಡುವೆ ಒಂದು ಸಲ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಯಾವ ಮಾತೂ ತುಟಿಯಿಂದ ತಿಳಿಯಲಿಲ್ಲ. ಆಮೇಲೆ ತಿರುಗಿ ಮೆಟ್ಟಿಲಿಳಿದು ಹೋದಳು.

"ಏನಂದ್ಲು?" ಎಂದು ಇವಳನ್ನು ಕೇಳಿದೆ.

"ಬರ್ತೀನಿ ಅಂದ್ಲು."

"ಅಷ್ಟೇನಾ?"

"ಅಷ್ಟೇ ರೀ. ಏಳಿ, ಹೊತ್ತಾಯ್ತು."

ಬರ್ತೀನಿ ಅನ್ನುವುದಕ್ಕೆ ಅಷ್ಟು ಹೊತ್ತು ಬೇಕಾಗುವುದಿಲ್ಲ. ಇವಳ ಮುಖ ನೋಡಿದೆ. ಇವಳು ಚೀಲದಲ್ಲಿ ಏನೋ ಹುಡುಕುತ್ತಿದ್ದಳು. ಮತ್ತೆ ಕೇಳಲಿಲ್ಲ. ಇವಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದೆ.